ಎಂಬತ್ತಾರನೇ ನಂಬರಿನ ಇಬ್ಬರು

ದೆಹಲಿಯ ಮಯೂರ್ ವಿಹಾರಿನ ನಮ್ಮ ಗೇಟಿಗೆ ಬೆಳಿಗ್ಗೆ ಎಂಟೂವರೆಗೆ ನೋಯ್ಡಾದ ಆಫೀಸು ವ್ಯಾನು ಬರುತ್ತಿತ್ತು. ಅಷ್ಟರೊಳಗೆ ಎರಡು ಡಬ್ಬಿಗೆ ಚಪಾತಿ ಪಲ್ಯ ತುಂಬಿ, ಕಾಯಿಸಿದ ಹಾಲು ಆರಿದೆಯೇ ನೋಡಿ ಫ್ರಿಜ್ಜಿಗಿಟ್ಟು, ನೀರಿನ ಮೋಟರು ಆರಿಸಿ ಇಳಿಯಬೇಕು. ನಲವತ್ತೆಂಟನೆಯ ವಯಸ್ಸಿನಲ್ಲಿ ಸಿಕ್ಕಿದ ಮೊದಲ ಆಫೀಸು ಕೆಲಸ ಅದು. ಏನು ಕೆಲಸ ಎಂದು ಸೊಸೈಟಿಯ ಹೆಂಗಸರು ಕೇಳಿದರೆ ‘ಕಂಪ್ಯೂಟರಿನಲ್ಲಿ ನೋಡಿ ಬರೆಯುವುದು’ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಅಮೆರಿಕದ ಕಾಲೇಜು ಹುಡುಗರು ಫುಟ್‌ಬಾಲ್ ಆಡುವುದನ್ನು ದಿನವಿಡೀ ನೋಡುತ್ತೇನೆ ಎಂದರೆ ಅವರು ನಂಬುವಂತಿರಲಿಲ್ಲ.

ಅದು ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹಾಗೆ ಆಡುವ ಕಾಲೇಜು ಹುಡುಗರಲ್ಲಿ ಕೆಲವರನ್ನು ಪ್ರತಿ ಏಪ್ರಿಲ್‌ನಲ್ಲಿ ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡಗಳು ಆರಿಸಿಕೊಳ್ಳುತ್ತವೆ. ಅಂಥ ಒಂದು ತಂಡಕ್ಕೆ ಸಲಹೆ ಕೊಡುವ ಸಣ್ಣ ಸಂಸ್ಥೆಯೊಂದು ಪಂದ್ಯಗಳ ಡಿಸ್ಕುಗಳನ್ನು ನಮಗೆ ಕಳಿಸುತ್ತಿತ್ತು. ಒಬ್ಬ ಹುಡುಗನನ್ನು ಹಿಡಿದು, ಆಟದ ಪ್ರತಿ ಸರದಿಯಲ್ಲೂ ಅವನು ಎಲ್ಲಿ ನಿಂತ, ಏನು ಮಾಡಿದ ಎಂದು ಕಾಲಮ್ಮಿನಲ್ಲಿ ತುಂಬುವುದು ನಮ್ಮ ಕೆಲಸ. ಚುರುಕಾದ ಹುಡುಗ ಹುಡುಗಿಯರಿಗೆ ವಾರದಲ್ಲೇ ಬೇಸರ ಹತ್ತುತ್ತಿತ್ತು. ನನಗೆ ಹತ್ತಲಿಲ್ಲ. ಅಕ್ಕಿ ಆರಿಸುವವಳಿಗೆ ಅದೇನು ದೊಡ್ಡದು.

ಆ ವರ್ಷ ನನಗೆ ಬಂದದ್ದು ಟೈಟ್ ಎಂಡ್ ಎಂಬ ಜಾಗದಲ್ಲಿ ಆಡುವವರು. ಸಾಲಿನ ತುದಿಯಲ್ಲಿ ನಿಲ್ಲುವವನು ಟೈಟ್ ಎಂಡ್. ಅರ್ಧ ಹೊತ್ತು ತನಗಿಂತ ದಪ್ಪನೆಯ ಎದುರಾಳಿಯನ್ನು ಎದೆಯೊಡ್ಡಿ ತಳ್ಳಿ ತನ್ನವರಿಗೆ ದಾರಿ ಮಾಡಿಕೊಡಬೇಕು. ಇನ್ನರ್ಧ ಹೊತ್ತು ತಾನೇ ಓಡಿ ಚೆಂಡು ಹಿಡಿಯಬೇಕು. ಮದುವೆ ಮನೆಯಲ್ಲಿ ಒಲೆಯ ಮುಂದೆ ನಿಂತವರೇ ಬಡಿಸಲಿಕ್ಕೂ ಓಡುತ್ತಾರಲ್ಲ, ಹಾಗೆ. ತಳ್ಳಿದ್ದನ್ನು ಯಾರೂ ನೋಡುವುದಿಲ್ಲ, ಚೆಂಡು ಬಿಟ್ಟರೆ ಊರೆಲ್ಲ ನೋಡುತ್ತದೆ. ಆ ಕೆಲಸ ನನಗೆ ಬೇಗ ಅರ್ಥವಾಯಿತು.

ಸಂಸ್ಥೆಯವರು ತಂಡಕ್ಕೆ ಐದು ಟೈಟ್ ಎಂಡ್‌ಗಳ ಪಟ್ಟಿ ಕೊಡಬೇಕಿತ್ತು. ನಾಲ್ವರು ಮೊದಲೇ ತೀರ್ಮಾನವಾಗಿದ್ದರು. ಐದನೆಯ ಜಾಗಕ್ಕೆ ಎರಡು ಬೇರೆ ಕಾಲೇಜಿನ ಇಬ್ಬರನ್ನು ಹೋಲಿಸಿ ಬರೆಯುವುದು ನನ್ನ ಪಾಲಿಗೆ ಬಂತು. ಒಬ್ಬನ ಅಂಗಿಯ ನಂಬರು ಎಂಬತ್ತಾರು, ಇನ್ನೊಬ್ಬನದು ಎಂಬತ್ತೊಂದು. ಹೆಲ್ಮೆಟ್ಟಿನೊಳಗೆ ಮುಖ ಕಾಣುವುದಿಲ್ಲ. ‘ನಂಬರ್ ನೋಡಿ, ಬೇರೇನೂ ನೋಡಬೇಡಿ’ ಎಂದೇ ನಮಗೆ ಕಲಿಸಿದ್ದರು.

ಆದರೂ ದಿನಾ ನೋಡುತ್ತಿದ್ದರೆ ಬೇರೆಯದೂ ಕಾಣುತ್ತದೆ. ಎಂಬತ್ತಾರರವನು ಸೊಂಟಕ್ಕೆ ಬಿಳಿ ಟವೆಲ್ ಸಿಕ್ಕಿಸಿಕೊಂಡು, ಪ್ರತಿ ಸರದಿಗೆ ಮುಂಚೆ ಕೈ ಒರೆಸಿಕೊಳ್ಳುತ್ತಿದ್ದ. ಚೆಂಡು ಬಂದರೆ ಬಿಡುತ್ತಿರಲಿಲ್ಲ. ಎಂಬತ್ತೊಂದರವನು ಆಗಾಗ ಬಿಡುತ್ತಿದ್ದ, ಆದರೆ ತಳ್ಳುವುದರಲ್ಲಿ ಗಟ್ಟಿಗ. ಎದುರಾಳಿಯನ್ನು ಬೀಳಿಸಿದ ಮೇಲೆ ತಾನೇ ಕೈ ಕೊಟ್ಟು ಎಬ್ಬಿಸುತ್ತಿದ್ದ. ಲೆಕ್ಕದಲ್ಲಿ ಎಂಬತ್ತಾರರವನಿಗೆ ಮುಳುವಾದದ್ದು ತಪ್ಪಾಟ. ಚೆಂಡನ್ನು ಒದ್ದು ಎದುರಿನವರಿಗೆ ಒಪ್ಪಿಸುವ ಸರದಿಗಳಲ್ಲಿ ಅವನು ಮತ್ತೆ ಮತ್ತೆ ಹಿಂದಿನಿಂದ ತಳ್ಳಿ, ಅಂಪೈರು ಹಳದಿ ಬಟ್ಟೆ ಎಸೆದು ‘ನಂಬರ್ ಎಂಬತ್ತಾರು’ ಎಂದು ಕೂಗಿದ್ದ. ಕೂಗಿದಂತೆಯೇ ನಾನು ಬರೆದೆ. ‘ಶಿಸ್ತಿಲ್ಲ’ ಎಂಬ ಷರಾದೊಂದಿಗೆ ಶುಕ್ರವಾರ ವರದಿ ಹೋಯಿತು. ಐದನೆಯವನು ಎಂಬತ್ತೊಂದು.

ಮಂಗಳವಾರ, ಕಳಿಸಿದ ವರದಿಯ ಒಂದೆರಡು ಡಿಸ್ಕು ಮತ್ತೆ ನೋಡಿ ಸಹಿ ಹಾಕುವ ದಿನ. ಬೇರೆಯವರು ನೋಡಬೇಕಾದದ್ದು; ಅರ್ಧ ಜನ ಜ್ವರದಲ್ಲಿ ಮಲಗಿದ್ದರಿಂದ ನನ್ನದನ್ನು ನಾನೇ ನೋಡುತ್ತಿದ್ದೆ. ಒಂದು ಪಂದ್ಯದಲ್ಲಿ ಟವೆಲಿನ ಹುಡುಗ ಚೆಂಡು ಹಿಡಿದು ಬಿದ್ದು, ಕುಂಟುತ್ತಾ ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ಟವೆಲನ್ನು ತಲೆಯ ಮೇಲೆ ಹೊದ್ದುಕೊಂಡ. ಕ್ಯಾಮೆರಾ ಅವನ ಬೆನ್ನು ತೋರಿಸುತ್ತಿತ್ತು, ಎಂಬತ್ತಾರು. ಅವನಾಚೆ ಮೈದಾನದಲ್ಲಿ, ಚೆಂಡು ಒದೆಯುವ ಸರದಿಗೆ ಸಾಲಾಗಿ ಓಡುತ್ತಿದ್ದವರಲ್ಲಿ ಇನ್ನೊಂದು ಬೆನ್ನು. ಅದೂ ಎಂಬತ್ತಾರು.

ಚಿತ್ರ ನಿಲ್ಲಿಸಿದೆ. ಕನ್ನಡಕ ಒರೆಸಿಕೊಂಡು ನೋಡಿದೆ. ಆಮೇಲೆ ನಮ್ಮ ಟೀಮ್ ಲೀಡರನ್ನು ಕರೆದೆ. ಮಂಗಳೂರಿನ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಇಂದಿರಾಪುರಂನಲ್ಲಿ ಗೆಳತಿಯರ ಜೊತೆ ಫ್ಲಾಟು ಮಾಡಿಕೊಂಡಿದ್ದಳು. ಎಲ್ಲರ ಮುಂದೆ ನನಗೆ ಮ್ಯಾಡಮ್ ಎನ್ನುತ್ತಿದ್ದಳು, ಕನ್ನಡ ಮಾತಾಡುವಾಗ ಆಂಟಿ.

“ಆಂಟಿ, ಇದು ಎಂತ? ಒಂದೇ ಟೀಮಲ್ಲಿ ಒಂದೇ ನಂಬರ್ ಇಬ್ಬರಿಗಾ? ಅವರಿಗೆ ತಲೆ ಸರಿ ಉಂಟಾ?”

“ನಿಮ್ಮ ಕಣ್ಣಿಗೂ ಇಬ್ಬರು ಕಾಣಿಸ್ತಾರಲ್ಲ, ಅಷ್ಟು ಸಾಕು. ನನ್ನ ಚಾಳೀಸಿನ ದೋಷ ಅಂದುಕೊಂಡಿದ್ದೆ.”

ಕಾಲೇಜಿನ ವೆಬ್‌ಸೈಟಿನಲ್ಲಿ ತಂಡದ ಪಟ್ಟಿ ತೆಗೆದಳು. ನೂರಕ್ಕೂ ಹೆಚ್ಚು ಹುಡುಗರು. ನಂಬರು ತೊಂಬತ್ತೊಂಬತ್ತಕ್ಕೆ ಮುಗಿಯುತ್ತದೆ. ಒಟ್ಟಿಗೆ ಮೈದಾನಕ್ಕಿಳಿಯದಿದ್ದರೆ ಇಬ್ಬರು ಒಂದೇ ನಂಬರು ಹಾಕಬಹುದು ಎಂಬುದು ಅಲ್ಲಿಯ ಕಾಲೇಜುಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನೋಯ್ಡಾದಲ್ಲಿ ಕೂತ ನಮಗೆ ಯಾರೂ ಹೇಳಿರಲಿಲ್ಲ, ಕೇಳಬೇಕೆಂದೂ ತೋಚಿರಲಿಲ್ಲ. ಹಿಂದಿನಿಂದ ತಳ್ಳುತ್ತಿದ್ದವನು ಆ ವರ್ಷವೇ ಕಾಲೇಜಿಗೆ ಸೇರಿದ ಬೇರೊಬ್ಬ ಹುಡುಗ. ಅವನ ತಪ್ಪನ್ನೆಲ್ಲ ನಾನು ಟವೆಲಿನವನ ತಲೆಗೆ ಕಟ್ಟಿದ್ದೆ.

ಪಟ್ಟಿ ಅಂತಿಮವಾಗಲಿಕ್ಕೆ ಇನ್ನು ಮೂರು ದಿನವಿತ್ತು. ಅಷ್ಟರೊಳಗೆ ತಿದ್ದುಪಡಿ ಹೋದರೆ ಹುಡುಗನಿಗೆ ಆ ಜಾಗ ಸಿಗಬಹುದು, ಇಲ್ಲದಿದ್ದರೆ ಇಲ್ಲ. ಅವಳು ಖುರ್ಚಿ ಎಳೆದುಕೊಂಡು ಕೂತಳು.

“ಇದು ಮೂರನೇ ಕರೆಕ್ಷನ್ ಆಂಟಿ. ಮೂರಾದ್ರೆ ನನ್ನ ಕೆಲಸದ ಕನ್ಫರ್ಮೇಷನ್ ಮುಂದೆ ಹಾಕ್ತಾರೆ. ನಾವು ಸುಮ್ಮನಿದ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ, ಗೊತ್ತುಂಟಲ್ಲ ನಿಮಗೆ?”

“ಗೊತ್ತು.”

“ಗೊತ್ತು ಅಂತ ಹೇಳ್ಬೇಡಿ ಮಾರಾಯ್ರೆ. ಬೈಯಿರಿ ಸ್ವಲ್ಪ.”

ನಾನು ಯಾವ ಬಾಯಲ್ಲಿ ಬೈಯಲಿ? ಬರೆದವಳು ನಾನು. ಅವಳು ಪರದೆಯಲ್ಲಿ ನಿಂತ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು.

“ಅವನ ಎಲ್ಲ ಡಿಸ್ಕೂ ಮತ್ತೆ ನೋಡಿ. ಯಾವುದು ಅವನದ್ದು, ಯಾವುದು ಅಲ್ಲ ಅಂತ ಬರೀರಿ. ಗುರುವಾರ ಸಂಜೆಯೊಳಗೆ ಕಳಿಸುವಾ. ಲೆಟರ್ ಮಾತ್ರ ನೀವೇ ಬರೀಬೇಕು. ನನಗೆ ಸಾರಿ ಬರೆದೂ ಬರೆದೂ ಸಾಕಾಗಿದೆ.”

ಬುಧವಾರವಿಡೀ ಕೂತು ಎಲ್ಲವನ್ನೂ ನೋಡಿದೆ. ಐದು ತಪ್ಪಾಟದಲ್ಲಿ ನಾಲ್ಕು ಬೇರೆಯವನವು. ಒಂದು ಮಾತ್ರ ಇವನದೇ, ಅದನ್ನು ಹಾಗೇ ಉಳಿಸಿದೆ.

ಬುಧವಾರ ಸಂಜೆ ಮನೆಗೆ ಬಂದಾಗ ನಮ್ಮವರು ಊಟದ ಮೇಜಿನ ಮೇಲೆ ಪೇಪರು ಹಾಸಿ ಬಟಾಣಿ ಸುಲಿಯುತ್ತಿದ್ದರು. ಫೆಬ್ರವರಿಯಲ್ಲಿ ಬಟಾಣಿ ಅಗ್ಗ. ತರಕಾರಿ ಭಯ್ಯಾ ಕೊಟ್ಟಷ್ಟನ್ನೂ ತಂದು ಸುಲಿದು ಫ್ರೀಜರಿಗೆ ತುಂಬುವುದು ಅವರ ವಾರ್ಷಿಕ ಕಾರ್ಯಕ್ರಮ. ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ ಫೈಲು ನೋಡಿದವರು.

“ಏನೇ, ನಿನ್ನ ಹುಡುಗರು ಇವತ್ತು ಏನಂತಾರೆ?”

ಎಲ್ಲ ಹೇಳಿದೆ. ಕಾಗದ ಬರೆಯಲು ಕೈ ಓಡುತ್ತಿಲ್ಲ ಎಂದೆ.

“ಅದಕ್ಯಾಕೆ ಅಳುಮುಖ? ನಮ್ಮಲ್ಲಾದರೆ ತಪ್ಪು ತಿದ್ದೋಕೆ ಒಂದು ಕಾರಿಜೆಂಡಮ್ ಹೊರಡಿಸಿ ಟೀ ಕುಡಿಯೋಕೆ ಹೋಗ್ತೀವಿ. ಪೆನ್ನು ತಗೋ.”

ಬಟಾಣಿ ಬಿಡಿಸುತ್ತಲೇ ಹೇಳಿದರು, ನಾನು ಬರೆದುಕೊಂಡೆ. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು: ಈ ಕಚೇರಿಯ ಹಿಂದಿನ ವರದಿಯ ಭಾಗಶಃ ಮಾರ್ಪಾಡಾಗಿ, ಅನುಬಂಧದಲ್ಲಿ ತೋರಿಸಿದ ನಾಲ್ಕು ಸರದಿಗಳಲ್ಲಿ ‘ಎಂಬತ್ತಾರು’ ಎಂದಿರುವ ಕಡೆಯೆಲ್ಲ ‘ಅದೇ ನಂಬರಿನ ಇನ್ನೊಬ್ಬ ಆಟಗಾರ’ ಎಂದು ಓದಿಕೊಳ್ಳತಕ್ಕದ್ದು. ‘ಶಿಸ್ತಿಲ್ಲ’ ಎಂಬ ಷರಾವನ್ನು ತೆಗೆದುಹಾಕಲಾಗಿದೆ ಎಂದು ಭಾವಿಸತಕ್ಕದ್ದು. ಉಳಿದ ಅಂಶಗಳಲ್ಲಿ ಬದಲಾವಣೆ ಇರುವುದಿಲ್ಲ.

“ಕ್ಷಮಿಸಿ ಅಂತ ಒಂದು ಮಾತು?”

“ಕಾರಿಜೆಂಡಮ್‌ನಲ್ಲಿ ಕ್ಷಮೆ ಕೇಳೋ ಪದ್ಧತಿ ಇಲ್ಲ.” ಒಂದು ಕಾಯಿ ಬಿಡಿಸಿ, ಹುಳ ನೋಡಿ ಪಕ್ಕಕ್ಕಿಟ್ಟರು. “ಅದಿರಲಿ, ಇವನು ಮೇಲೆ ಹೋದರೆ ಇನ್ನೊಬ್ಬ ಏನಾಗ್ತಾನೆ?”

ಎರಡು ದಿನದಲ್ಲಿ ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

“ಆರನೆಯವನಾಗ್ತಾನೆ. ಪಟ್ಟಿಯಲ್ಲಿ ಐದೇ ಜನ.”

“ಬಿದ್ದವರಿಗೆ ಕೈ ಕೊಡ್ತಾನೆ ಅಂತಿದ್ದೆಯಲ್ಲ, ಅವನಾ?”

“ಹೂಂ.”

“ಅದಕ್ಕೆ ನಿಮ್ಮಲ್ಲಿ ಕಾಲಮ್ ಇಲ್ಲವಾ?”

“ಇಲ್ಲ ರೀ.”

ನಾನು ಅಕ್ಕಿ ತೊಳೆಯಲು ಎದ್ದೆ.

ಗುರುವಾರ ಟೀಮ್ ಲೀಡರ್ ಕಾಗದ ಓದಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. “ಆಂಟಿ, ಇದು ಕೋರ್ಟಿಗೆ ಹೋಗುವ ಹಾಗೆ ಉಂಟು.” ಆದರೆ ಒಂದಕ್ಷರ ಬದಲಿಸದೆ, ಆ ನಿಂತ ಚಿತ್ರವನ್ನೂ ಲಗತ್ತಿಸಿ ಕಳಿಸಿದಳು. ಶುಕ್ರವಾರ ನಾವು ಬಂದಾಗ ಉತ್ತರ ಬಂದಿತ್ತು. ಸೂಚಿಸಿದಂತೆ ಓದಿಕೊಂಡಿದ್ದೇವೆ, ಇಂಥ ಗಂಭೀರವಾದ ಪತ್ರ ನಮಗೆ ಹಿಂದೆಂದೂ ಬಂದಿರಲಿಲ್ಲ ಎಂದಿದ್ದರು. ಐದನೆಯ ಜಾಗ ಎಂಬತ್ತಾರಕ್ಕೆ. ಕೊನೆಗೊಂದು ಸಾಲು: ಇನ್ನೊಬ್ಬ ಹುಡುಗನಲ್ಲೂ ಹೀಗೆ ಬೆರೆತಿದೆಯೇ, ಇವತ್ತೇ ನೋಡಿ ತಿಳಿಸಿ.

ಎಂಬತ್ತೊಂದರವನ ಡಿಸ್ಕುಗಳನ್ನು ಅಷ್ಟು ಆಸೆಯಿಂದ ನಾನು ಹಿಂದೆ ನೋಡಿದ್ದೇ ಇಲ್ಲ. ಅವನು ಕೈಬಿಟ್ಟ ಚೆಂಡುಗಳ ಹತ್ತಿರ ಹೋಗಿ ಹೋಗಿ ನಿಲ್ಲಿಸಿದೆ. ಬೇರೆ ಬೂಟು ಕಾಣಲಿ, ಬೇರೆ ನಡಿಗೆ ಕಾಣಲಿ, ಕೈಪಟ್ಟಿ ಇನ್ನೊಂದು ಕೈಯಲ್ಲಿರಲಿ ಎಂದು ನೋಡಿದೆ. ಒಂದು ಕಡೆ ಗಿಡ್ಡನೆಯವನೊಬ್ಬ ಕಂಡಂತಾಗಿ ಹಿಂದಕ್ಕೆ ಓಡಿಸಿ ನೋಡಿದೆ, ಅವನು ಬಗ್ಗಿದ್ದನಷ್ಟೆ. ಎಲ್ಲ ಕಡೆಯೂ ಅವನೇ. ಚೆಂಡು ಜಾರಿದ ಮೇಲೆ ಅಂಗೈಯಿಂದ ತನ್ನ ಹೆಲ್ಮೆಟ್ಟಿಗೆ ಎರಡು ಏಟು ಹೊಡೆದುಕೊಳ್ಳುತ್ತಿದ್ದ, ಪ್ರತಿ ಸಲವೂ. ನಾಲ್ಕು ಗಂಟೆಗೆ ‘ಪರಿಶೀಲಿಸಲಾಗಿದೆ, ಒಬ್ಬನೇ’ ಎಂದು ಬರೆದೆ. ಕೆಳಗೆ, ಯಾವ ಕಾಲಮ್ಮಿಗೂ ಸೇರದ ಜಾಗದಲ್ಲಿ, ಅವನು ಬಿದ್ದವರನ್ನು ಎಬ್ಬಿಸಿದ್ದನ್ನು ಪಂದ್ಯವಾರು ಬರೆದು ಸೇರಿಸಿದೆ. ಟೀಮ್ ಲೀಡರ್ ಅದನ್ನು ನೋಡಿ, “ಯಾರೂ ಓದುವುದಿಲ್ಲ ಆಂಟಿ,” ಎಂದಳು. ಅಳಿಸಲಿಲ್ಲ.

ಮಾರ್ಚಿನಲ್ಲಿ ಅವಳ ಕನ್ಫರ್ಮೇಷನ್ ಮೂರು ತಿಂಗಳು ಮುಂದೆ ಹೋಯಿತು. ಪತ್ರವನ್ನು ನನಗೆ ತೋರಿಸಿ ಡ್ರಾಯರಿಗೆ ಹಾಕಿದಳು. ನಾನು ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ತಾನೇ ತೆಗೆದು ಅರ್ಧ ಖಾಲಿ ಮಾಡಿದಳು.

ಏಪ್ರಿಲ್‌ನ ಆಯ್ಕೆಯಲ್ಲಿ ಎಂಬತ್ತಾರರವನ ಹೆಸರು ಬಂತು, ಬಹಳ ಕೆಳಗೆ, ಆದರೂ ಬಂತು. ಎಂಬತ್ತೊಂದರವನ ಹೆಸರು ಬರಲಿಲ್ಲ. ಆಯ್ಕೆಯಾಗದವರನ್ನೂ ಕೆಲವೊಮ್ಮೆ ಪರೀಕ್ಷೆಗೆ ಕರೆಯುವುದುಂಟು ಎಂದು ಅವಳು ಓದಿ ತಿಳಿದಿದ್ದಳು. ದಿನಾ ಬೆಳಿಗ್ಗೆ ಹುಡುಕುತ್ತಿದ್ದಳು. ನಾನು ವ್ಯಾನಿಳಿದು ಒಳಗೆ ಬಂದ ಕೂಡಲೆ ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದಳು. ಮೇ ತಿಂಗಳ ಒಂದು ದಿನ ಅಲ್ಲಾಡಿಸದೆ, ಬನ್ನಿ ಎಂದು ಕೈ ಮಾಡಿದಳು. ಯಾವುದೋ ತಂಡದ ಶಿಬಿರಕ್ಕೆ ಕರೆದವರ ಪಟ್ಟಿಯಲ್ಲಿ, ಕೊನೆಯಿಂದ ಎರಡನೆಯ ಹೆಸರು ಅವನದು.

“ಮೂರೇ ದಿನ ಆಂಟಿ. ನೋಡ್ತಾರೆ. ಬೇಕಾದ್ರೆ ಇಟ್ಕೊಳ್ತಾರೆ, ಇಲ್ಲಾಂದ್ರೆ ಟಿಕೆಟ್ ಕೊಟ್ಟು ಮನೆಗೆ ಕಳಿಸ್ತಾರೆ.”

ಸಂಜೆ ಮನೆಯಲ್ಲಿ ಅದನ್ನೇ ಹೇಳಿದೆ. ನಮ್ಮವರು ಕೂಲರಿಗೆ ಬಕೆಟ್ಟಿನಿಂದ ನೀರು ಸುರಿಯುತ್ತಿದ್ದರು.

“ನಾನು ಕೆಲಸಕ್ಕೆ ಬರ್ತೀನಾ ಅಂತ ನೋಡೋಕೆ ಸರ್ಕಾರ ಎರಡು ವರ್ಷ ತಗೊಂಡಿತು,” ಎಂದರು. “ಪಾಪ, ಆ ಹುಡುಗನಿಗೆ ಮೂರೇ ದಿನವಾ?”

“ಮೂರೇ ದಿನ,” ಎಂದೆ.

ಬಕೆಟ್ಟು ಕೆಳಗಿಟ್ಟು, ಯಾವತ್ತಿನಿಂದ ಎಂದು ಕೇಳಿದರು. ಶುಕ್ರವಾರದಿಂದ ಎಂದೆ. ಶುಕ್ರವಾರ, ಶನಿವಾರ, ಭಾನುವಾರ ಎಂದು ಅವರು ಬೆರಳು ಮಡಚಿದರು.