ಕರಿಬೇವಿನ ಗಿಡಕ್ಕೆ ಬಂದ ಕಡಜಗಳು

ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆ ನಾವು ಇದ್ದದ್ದು ಒಂದು ಹಳೆಯ ವಿಲ್ಲಾದ ಅರ್ಧದಲ್ಲಿ. ನಡುವೆ ಗೋಡೆ ಎಬ್ಬಿಸಿ ಒಂದು ಮನೆಯನ್ನು ಎರಡು ಮಾಡಿದ್ದರು. ಒಂದು ಕಡೆ ನಾನು ಮತ್ತು ನನ್ನ ಗಂಡ, ಇನ್ನೊಂದು ಕಡೆ ಕಾಸರಗೋಡಿನ ಒಬ್ಬರು ಅಕೌಂಟೆಂಟ್. ಅವರ ಹೆಂಡತಿ ಮಕ್ಕಳು ಊರಿನಲ್ಲಿದ್ದರು. ಅವರೊಬ್ಬರೇ ದಿನಾ ಮೀನು ಸಾರು ಮಾಡಿಕೊಂಡು ಉಣ್ಣುತ್ತಿದ್ದರು. ಅಂಗಳ ಮಾತ್ರ ಎರಡೂ ಮನೆಗೆ ಒಂದೇ. ಆ ಅಂಗಳದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ, ನಮ್ಮ ಕರಿಬೇವಿನ ಗಿಡ ಇತ್ತು.

ಮಂಗಳೂರಿನಿಂದ ಬರುವಾಗ ಒದ್ದೆ ಬಟ್ಟೆ ಸುತ್ತಿ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಲಗಿಸಿ ತಂದ ಸಸಿ ಅದು. ನನ್ನ ಗಂಡ ಏಸಿಯಿಂದ ಸುರಿಯುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅದಕ್ಕೆ ಹಾಕುತ್ತಿದ್ದರು. ನಾಲ್ಕು ಬೇಸಿಗೆ ಕಳೆಯುವಷ್ಟರಲ್ಲಿ ನನಗಿಂತ ಎತ್ತರ ಬೆಳೆಯಿತು. ಅಕೌಂಟೆಂಟರು ದಿನಾ ಬೆಳಿಗ್ಗೆ ಬನಿಯನ್ನಿನಲ್ಲೇ ಬಂದು ಒಂದು ಎಸಳು ಮುರಿದುಕೊಂಡು ಹೋಗುವರು. ಕೇಳುವ ಪದ್ಧತಿ ಇರಲಿಲ್ಲ. ಬೇಡವೆನ್ನುವ ಮನಸ್ಸೂ ನಮಗಿರಲಿಲ್ಲ.

ಒಂದು ದಿನ ಒಲೆಯ ಮೇಲೆ ಎಣ್ಣೆ ಇಟ್ಟು, ಒಗ್ಗರಣೆಗೆಂದು ಓಡಿಹೋಗಿ ಕೈ ಚಾಚಿದೆ. ಎಲೆಗಳ ನಡುವೆ ಬೂದು ಬಣ್ಣದ, ಬೋರಲು ಹಾಕಿದ ತಟ್ಟೆಯಂಥದ್ದೊಂದು ನೇತಾಡುತ್ತಿತ್ತು. ಅದರ ಮೇಲೆ ಹಳದಿ ಪಟ್ಟೆಯ ಕಡಜಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ನಾನು ಚಾಚಿದ ಕೈಯನ್ನು ಹಾಗೆಯೇ ಗಾಳಿಯಲ್ಲಿಟ್ಟುಕೊಂಡು, ಹಿಂದೆ ಹಿಂದೆ ನಡೆಯುತ್ತಾ ಅಡುಗೆಮನೆಗೆ ಬಂದೆ. ಸಾಸಿವೆ ಸುಟ್ಟು ಕರಕಲಾಗಿತ್ತು.

ನನ್ನ ಗಂಡ ಒಂದು ಕಟ್ಟಡದ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಸಂಜೆ ಬಂದವರು ಗಿಡವನ್ನು ದೂರದಿಂದಲೇ ಪರಿಶೀಲಿಸಿ, ಕಾರಿನ ಡಿಕ್ಕಿಯಿಂದ ಕೆಂಪು ಬಿಳಿ ಪಟ್ಟೆಯ ಟೇಪು ತಂದು ಗಿಡದ ಸುತ್ತ ನಾಲ್ಕು ಕೋಲು ನೆಟ್ಟು ಕಟ್ಟಿದರು. ಒಂದು ಬೋರ್ಡೂ ಬಂತು. ಅದರಲ್ಲಿ ಇಂಗ್ಲಿಷ್, ಅರಬಿ, ಹಿಂದಿ ಮೂರರಲ್ಲೂ ‘ಒಳಗೆ ಬರಬಾರದು’ ಎಂದಿತ್ತು.

"ಒಂದು ಸ್ಪ್ರೇ ಹೊಡೆದರೆ ಮುಗಿಯಿತಲ್ಲ ಮಾರಾಯ್ರೆ?" ಅಂದೆ.

"ವಿಷ ಹೊಡೆದ ಸೊಪ್ಪನ್ನು ನೀನು ಸಾರಿಗೆ ಹಾಕ್ತೀಯಾ? ಎಂಥದ್ದಕ್ಕೂ ಒಂದು ಕ್ರಮ ಉಂಟು. ಮೊದಲು ಏರಿಯಾ ಬಂದ್ ಮಾಡಬೇಕು," ಅಂದರು.

ಮರುದಿನ ಬೆಳಿಗ್ಗೆ ಅಕೌಂಟೆಂಟರು ಎಂದಿನಂತೆ ಬಂದು ಟೇಪಿನ ಮುಂದೆ ನಿಂತರು. ಬೋರ್ಡನ್ನು ಮೂರು ಭಾಷೆಯಲ್ಲೂ ಓದಿದರು. ನಮ್ಮ ಕಿಟಕಿಯ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಎದುರು ಸಿಕ್ಕಾಗ ನಾನು ನಕ್ಕರೆ ಅವರು ನಗಲಿಲ್ಲ.

"ಅಕ್ಕ, ಸೊಪ್ಪು ಬೇಡ ಅಂತ ಬಾಯಲ್ಲಿ ಹೇಳಿದ್ರೆ ನಾನು ಕೇಳುದಿಲ್ವಾ? ಬೋರ್ಡ್ ಹಾಕ್ಬೇಕಾ? ಅದೂ ಅರಬಿಯಲ್ಲಿ?"

"ಅಯ್ಯೋ, ಅದು ನಿಮಗಲ್ಲ. ಕಡಜ ಗೂಡು ಕಟ್ಟಿದೆ."

"ಹೌದೌದು. ಕಡಜಕ್ಕೆ ಹಿಂದಿ ಓದ್ಲಿಕ್ಕೆ ಬರ್ತದಲ್ಲ," ಎಂದು, ಹಠದಿಂದ ಟೇಪಿನ ಕೆಳಗೆ ಬಗ್ಗಿ ನುಸುಳಿ ಗಿಡಕ್ಕೆ ಕೈ ಹಾಕಿಯೇ ಬಿಟ್ಟರು.

ಹೊರಗೆ ಬರುವಾಗ ಅವರು ಬಗ್ಗಲಿಲ್ಲ. ಟೇಪನ್ನು ಎದೆಯಿಂದಲೇ ಹರಿದುಕೊಂಡು ಬಂದರು. ಮೇಲ್ತುಟಿಗೆ ಒಂದು, ಕಿವಿಗೆ ಒಂದು ಕಚ್ಚಿತ್ತು. ನಾನು ಐಸ್ ತಂದುಕೊಡುವಷ್ಟರಲ್ಲಿ ತುಟಿ ಬಾಳೆಹಣ್ಣಿನಷ್ಟು ದಪ್ಪವಾಗಿತ್ತು. ಆದರೂ ಮುರಿದ ಎಸಳು ಕೈಯಲ್ಲಿ ಭದ್ರವಾಗಿತ್ತು. ನಮ್ಮ ನಡುವಿನ ಮುನಿಸು ಅಲ್ಲಿಗೆ ಮುಗಿಯಿತು.

ಮರುದಿನ ಶುಕ್ರವಾರ, ರಜೆ. ಇವರು ನಮ್ಮಿಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ, ಸೈಟಿನಲ್ಲಿ ಕೆಲಸಗಾರರಿಗೆ ದಿನಾ ಹೇಳುವ ಹಾಗೆ ಅಪಾಯಗಳ ಬಗ್ಗೆ ಒಂದು ಭಾಷಣ ಮಾಡಿದರು. ಓಡುವಾಗ ಯಾರು ಯಾವ ಬಾಗಿಲಿಗೆ ಓಡಬೇಕು, ಎಲ್ಲರೂ ಎಲ್ಲಿ ಸೇರಬೇಕು ಎಂದೂ ತೀರ್ಮಾನವಾಯಿತು. ಸೇರುವ ಜಾಗ ನಮ್ಮ ಬಚ್ಚಲು. ಹೊಗೆ ಹಾಕುವುದೆಂದು ನಿಶ್ಚಯವಾದಾಗ ತೆಂಗಿನ ಸಿಪ್ಪೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂತು. ಮನೆಯಲ್ಲಿದ್ದದ್ದು ಯಾರೋ ಈದ್‌ಗೆ ಕೊಟ್ಟ ಬಖೂರ್, ಅಂದರೆ ಅರಬರು ಮನೆಗೆ ಬಂದವರಿಗೆ ಹಿಡಿಯುವ ಧೂಪ. ಅದನ್ನೇ ಕೆಂಡದ ಮೇಲೆ ಹಾಕಿ, ಧೂಪದಾನಿಯನ್ನು ಉದ್ದದ ಪೈಪಿನ ತುದಿಗೆ ಕಟ್ಟಿದೆವು. ಇವರು ಮೈಯೆಲ್ಲ ಮುಚ್ಚುವ ಕವರಾಲ್ ತೊಟ್ಟು, ಗಮ್‌ಬೂಟು ಹಾಕಿ, ಹೆಲ್ಮೆಟ್ಟಿನ ಮೇಲಿನಿಂದ ಸೊಳ್ಳೆಪರದೆ ಇಳಿಬಿಟ್ಟುಕೊಂಡು ಪೈಪು ಹಿಡಿದರು. ಅಂಗಳವಿಡೀ ಘಮಘಮ. ಕಡಜಗಳು ಕದಲಲಿಲ್ಲ. ಅವಕ್ಕೆ ಪರಿಮಳ ಹಿಡಿಸಿದ ಹಾಗೆ ಕಂಡಿತು.

ಸರಿಯಾಗಿ ಆಗಲೇ ಗೇಟು ತೆರೆದು ಮನೆಯ ಮಾಲೀಕರು ಬಂದರು. ವಯಸ್ಸಾದ ಕತಾರಿ. ನಾವು ಬಾಬಾ ಎನ್ನುತ್ತಿದ್ದೆವು. ಟ್ಯಾಂಕು ಸೋರುತ್ತದೆಂದು ನಾವೇ ಹಿಂದೆ ಯಾವತ್ತೋ ಹೇಳಿದ್ದನ್ನು ನೋಡಲು ಬಂದಿದ್ದರು.

"ಮಾಶಾಅಲ್ಲಾ! ಬಖೂರ್!" ಎಂದು ಅವರ ಮುಖ ಅರಳಿತು. ತಮ್ಮ ಕಾರು ಕಂಡು ಸ್ವಾಗತಕ್ಕೆ ಹೊಗೆ ಹಾಕಿದ್ದೇವೆಂದೇ ಅವರು ತಿಳಿದರು. ನೇರವಾಗಿ ಪೈಪಿನ ಹತ್ತಿರ ಹೋಗಿ, ತಲೆವಸ್ತ್ರದ ಎರಡು ಅಂಚುಗಳನ್ನು ಎತ್ತಿ ಹಿಡಿದು, ಕಣ್ಣು ಮುಚ್ಚಿ ಹೊಗೆಯನ್ನು ಒಳಗೆ ತುಂಬಿಸಿಕೊಂಡರು. ಇವರು ಸೊಳ್ಳೆಪರದೆಯೊಳಗಿಂದ ಪೈಪನ್ನು ಮೆಲ್ಲಗೆ ಗಿಡದಿಂದ ದೂರ ಸರಿಸಿದರೆ ಬಾಬಾ ಕೂಡ ಅದರ ಜೊತೆಯೇ ಸರಿದರು. ನಾನು ಕುರ್ಚಿ ತಂದೆ, ಚಹಾ ತಂದೆ. ಬಂದವರನ್ನು ಕೂರಿಸದೆ ಇರಲಾಗುತ್ತದೆಯೇ?

ಅವರು ಕೂತ ಮೇಲೆ ಒಂದು ಕಡಜ ಹಾರಿ ಬಂದು ಅವರ ಬಿಳಿ ತಲೆವಸ್ತ್ರದ ನಡುನೆತ್ತಿಯಲ್ಲಿ ಕೂತಿತು. ನಾವು ಮೂವರೂ ಕಲ್ಲಾದೆವು. ಅರಬಿಯಲ್ಲಿ ಕಡಜಕ್ಕೆ ದಬ್ಬೂರ್ ಎನ್ನುವುದು ನಮ್ಮಲ್ಲಿ ಅಕೌಂಟೆಂಟರಿಗೆ ಮಾತ್ರ ಗೊತ್ತಿತ್ತು. ಆದರೆ ಅವರ ಊದಿದ ತುಟಿ ‘ಬ’ ಅಕ್ಷರ ಹೇಳುವ ಸ್ಥಿತಿಯಲ್ಲಿರಲಿಲ್ಲ.

"ವಾವಾ... ದವ್ವೂ... ದಫ್ಫೂ..." ಎಂದು ತಲೆ ತೋರಿಸಿ ಹೆಣಗಿದರು.

ಬಾಬಾ ಅವರ ಬಾಯಿಯನ್ನು ಕನಿಕರದಿಂದ ನೋಡಿ, ತಮ್ಮ ಹಿಂದಿಯಲ್ಲಿ, "ದಾಂತ್ ಖರಾಬ್. ಡಾಕ್ಟರ್ ರೋ, ಯಲ್ಲಾ," ಎಂದು, ಹಲ್ಲು ಕೆಟ್ಟಿದೆಯೆಂದೇ ತಿಳಿದು ಆಸ್ಪತ್ರೆಗೆ ಅಟ್ಟಲು ನೋಡಿದರು. ನಂತರ ನನ್ನ ಗಂಡನ ಕಡೆ ತಿರುಗಿ, "ತುಮ್ ಐಸಾ ಕಾಯ್ಕು?" ಎಂದು ಆ ವೇಷ ಯಾಕೆಂದು ಕೇಳಿದರು. ಇವರಿಗೆ ಬೇರೆ ದಾರಿಯಿರಲಿಲ್ಲ. ಗಿಡ ತೋರಿಸಿದರು, ನಂತರ ಬಾಬಾರ ನೆತ್ತಿ ತೋರಿಸಿದರು.

ಬಾಬಾ ತಲೆವಸ್ತ್ರವನ್ನು ಬಿಚ್ಚಿ ಒಮ್ಮೆ ಕೊಡವಿದರು. ಕಡಜ ಹೋಯಿತು. ಮತ್ತೆ ಕಟ್ಟಿಕೊಂಡು, ಮಿಕ್ಕ ಚಹಾ ಕುಡಿದು, "ಮಾಫಿ ಮುಷ್ಕಿಲ್," ಎಂದು ಎದ್ದರು. ಅಂದರೆ ತೊಂದರೆಯೇ ಇಲ್ಲ, ಇದನ್ನು ನಾನು ಈಗಲೇ ಮುಗಿಸುತ್ತೇನೆ ಎಂದು.

ಅವರ ಉಪಾಯ ಸರಳವಾಗಿತ್ತು. ಧೂಪದ ಹೊಗೆ ಸಾಲದು, ಗಾಡಿಯ ಹೊಗೆ ಬೇಕು. ಗೇಟಿನ ಎರಡೂ ಬಾಗಿಲು ತೆರೆಸಿ ತಮ್ಮ ದೊಡ್ಡ ಬಿಳಿ ಜೀಪನ್ನು ಹಿಮ್ಮುಖವಾಗಿ ಅಂಗಳಕ್ಕೆ ತಂದರು. ಇವರು ಅಭ್ಯಾಸಬಲದಿಂದ ಸೊಳ್ಳೆಪರದೆಯಲ್ಲೇ ನಿಂತು, ಎರಡೂ ಕೈ ಆಡಿಸುತ್ತಾ, "ಬನ್ನಿ, ಬನ್ನಿ, ಸ್ವಲ್ಪ ಎಡಕ್ಕೆ," ಎಂದು ಕನ್ನಡದಲ್ಲೇ ದಾರಿ ತೋರಿಸುತ್ತಿದ್ದರು. ‘ಸಾಕು’ ಅಂದದ್ದೂ ಕನ್ನಡದಲ್ಲೇ. ಜೀಪು ನಿಲ್ಲಲಿಲ್ಲ. ಟೇಪು, ಬೋರ್ಡು ಎಲ್ಲ ಚಕ್ರದಡಿಗೆ ಹೋದವು. ಗಿಡ ಬಾಗಿತು. ಲಟ್ ಎಂದು ಸದ್ದಾಯಿತು. ಇವರು "ಓಡಿ!" ಎಂದು ಕಿರುಚಿದರು.

ನಾವು ಮೂವರೂ ತೀರ್ಮಾನವಾದಂತೆ ಬಚ್ಚಲಿನಲ್ಲಿ ಸೇರಿದೆವು. ಗಮ್‌ಬೂಟು, ಹೆಲ್ಮೆಟ್ಟು ಸಮೇತ ಅಲ್ಲಿ ನಿಲ್ಲಲು ಜಾಗ ಸಾಲದೆ ಅಕೌಂಟೆಂಟರು ಬಕೆಟ್ಟಿನೊಳಗೆ ನಿಂತರು. ಸಣ್ಣ ಕಿಟಕಿಯಿಂದ ನಾನು ನೋಡಿದೆ. ಬಾಬಾ ಗಾಜು ಏರಿಸಿಕೊಂಡು, ಏಸಿ ಹಾಕಿಕೊಂಡು, ಒಳಗಿನಿಂದ ನಮಗೆ ಕೈಬೀಸಿ ಹೊರಟರು. ಜೀಪಿನ ಹಿಂದೆ ನೇತುಹಾಕಿದ್ದ ಸ್ಟೆಪ್ನಿ ಚಕ್ರದ ಸಂದಿಯಲ್ಲಿ ನಮ್ಮ ಕರಿಬೇವಿನ ಒಂದು ದೊಡ್ಡ ಕೊಂಬೆ ಸಿಕ್ಕಿಕೊಂಡಿತ್ತು. ಅದರಲ್ಲಿ ಗೂಡು ಒಂದಿಷ್ಟೂ ಹರಿಯದೆ ನೇತಾಡುತ್ತಿತ್ತು. ಕಡಜಗಳು ಜೀಪಿನ ಬೆನ್ನಟ್ಟಿ ಗೇಟು ದಾಟಿ ಹೋದವು.

ಒಂದು ಗಂಟೆಯಾದ ಮೇಲೆ ಫೋನ್ ಬಂತು. ಅಲ್ ಥುಮಾಮಾದ ತಮ್ಮ ಮನೆ ಬಾಗಿಲಲ್ಲಿ ಊಟಕ್ಕೆ ಬಂದ ನೆಂಟರೆಲ್ಲ ಕಾರಿನೊಳಗೇ ಕೂತಿದ್ದಾರೆ, ಯಾರೂ ಇಳಿಯುತ್ತಿಲ್ಲ ಎಂದು ಬಾಬಾ ಹೇಳಿದರು. ನಾನು ಬೈಗುಳಕ್ಕೆ ಕಾದೆ. ಅವರು ಕೆಮ್ಮು ಬರುವ ತನಕ ನಕ್ಕರು. ಕೊನೆಗೆ, ಆ ಪರದೆಯ ಮನುಷ್ಯನನ್ನು ಕಳಿಸು ಅಂದರು. ಇವರು ಹೋಗುವಷ್ಟರಲ್ಲಿ ಅಡುಗೆಯಾತ ನೀರಿನ ಪೈಪು ಹಿಡಿದು ಎಲ್ಲವನ್ನೂ ಮುಗಿಸಿದ್ದ. ಆದರೂ ಇವರನ್ನು ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ, ಎಲ್ಲರ ನಡುವೆ ಕೂರಿಸಿ, ಕುರಿಮಾಂಸದ ಅನ್ನ ಬಡಿಸಿ, ಕಡಜ ಹಿಡಿಯುವ ದೊಡ್ಡ ತಜ್ಞರೆಂದು ಪರಿಚಯಿಸಿದರಂತೆ.

ಅಲ್ಲಿಂದ ಶುರುವಾಯಿತು. ಬಾಬಾರ ನೆಂಟರಿಷ್ಟರ ಮನೆಯ ಏಸಿಯಲ್ಲಿ ಪಾರಿವಾಳ ಸಿಕ್ಕಿಕೊಂಡರೂ, ಅಡುಗೆಮನೆಗೆ ಬೆಕ್ಕು ನುಗ್ಗಿದರೂ ನಮ್ಮ ಮನೆಗೆ ಫೋನ್. ಇವರು ಕಚೇರಿಯಿಂದ ಬಂದು, ಮುಖ ತೊಳೆದು, "ಎಂಥ ಮಾಡುದು, ಕರೀತಾರಲ್ಲ," ಎಂದು ಕಾರಿನ ಕೀ ತೆಗೆದುಕೊಳ್ಳುವರು. ನಾನೂ ತಡೆಯುತ್ತಿರಲಿಲ್ಲ. ಬರುವಾಗ ಖರ್ಜೂರ ತರುತ್ತಿದ್ದರು.