ಕೈ ಅಡ್ಡ ಹಿಡಿದ ಮೇಲೂ ಅರ್ಧ ರೊಟ್ಟಿ

ನಾನು ಅಜ್ಜ ಆದೆ. ಮದುವೆಯಾಗಿ ಬಹಳ ವರ್ಷ ಕಾದ ನನ್ನ ಒಬ್ಬಳೇ ಮಗಳಿಗೆ ಹೆಣ್ಣು ಮಗು ಹುಟ್ಟಿದೆ. ಮೂಗು ನಮ್ಮ ಮನೆಯದೇ, ಯಾರು ಏನೇ ಅನ್ನಲಿ. ಇವತ್ತು ಶಿಕಾರಿಪುರದ ಆಸ್ಪತ್ರೆಯಿಂದ ತಾಯಿ-ಮಗುವನ್ನ ನಮ್ಮೂರಿಗೆ ಕರಕೊಂಡು ಬಂದೆವು. ಇಂಥ ದಿನ ಕಹಿ ಮಾತು ಬರೀಬಾರದು. ಆದರೆ ಮಧ್ಯಾಹ್ನದ ಆ ತಣ್ಣಗಿನ ರೊಟ್ಟಿ ಇನ್ನೂ ಗಂಟಲಲ್ಲೇ ನಿಂತಿದೆ...

ಡಿಸ್ಚಾರ್ಜ್ ಮಾಡೋದು ತಡ ಆಗುತ್ತೆ ಅಂದರು ಆಸ್ಪತ್ರೆಯಲ್ಲಿ. ನನ್ನ ಹೆಂಡತಿ ಮಗಳ ಹತ್ತಿರ ಕೂತಳು. ಮೊಮ್ಮಗಳನ್ನ ನೋಡೋಕೆ ಬಂದಿದ್ದ ಬೀಗರನ್ನ, ಬೀಗಿತಿಯನ್ನ ಊಟಕ್ಕೆ ಕರಕೊಂಡು ಹೋಗೋದು ನನ್ನ ಪಾಲಿಗೆ ಬಂತು. ಹೆಣ್ಣು ಕೊಟ್ಟವನು ನಾನು. ಇಂಥ ದಿನ ಬೀಗರನ್ನ ಅರೆಹೊಟ್ಟೆಯಲ್ಲಿ ಎಬ್ಬಿಸಿದರೆ ಆ ಮಾತು ಈ ಕೂಸಿನ ಮದುವೆವರೆಗೂ ಉಳಿಯುತ್ತೆ. ಹೊಸ ಹೋಟೆಲು, ಬಾಗಿಲ ಮೇಲೆ ‘ಖಾನಾವಳಿ ಊಟ’ ಅಂತ ದೊಡ್ಡ ಬೋರ್ಡು. ಅದನ್ನೇ ನಂಬಿದೆ.

ಕೂತು ಎಷ್ಟೋ ಹೊತ್ತಾದ ಮೇಲೆ ತಟ್ಟೆ ಬಂತು. ಬೆಳಿಗ್ಗೆ ಬಡಿದಿಟ್ಟ ರೊಟ್ಟಿ, ಅಂಚು ರಟ್ಟಿನ ಹಾಗೆ ಎದ್ದಿತ್ತು. ಬದನೆಕಾಯಿ ಎಣ್ಣೆಗಾಯಿ ಮೇಲೆ ಬಿಸಿ, ಒಳಗೆ ತಣ್ಣಗೆ. ಬೀಗರು ಹೇಗೋ ಒಂದು ರೊಟ್ಟಿ ಮುಗಿಸಿ ಸುಮ್ಮನೆ ಕೂತರು. ನಾನೂ ಕೂತೆ. ನಮ್ಮ ಕಡೆ ಉಣ್ಣೋರು ಬೇಕು ಅಂತ ಕೇಳಲ್ಲ; ಬಡಿಸೋರೇ ನೋಡಿ ಹಾಕಬೇಕು, ಸಾಕಾದರೆ ಉಣ್ಣೋರು ತಟ್ಟೆ ಮೇಲೆ ಕೈ ಅಡ್ಡ ಹಿಡಿಯಬೇಕು. ಅಡ್ಡ ಹಿಡಿಯೋಕೆ ಕೈಯೇನೋ ಇತ್ತು, ಹಾಕೋರೇ ಬರಲಿಲ್ಲ. ಸಪ್ಲೈಯರ್ ಗೋಡೆಗೆ ಒರಗಿ ಮೊಬೈಲು ನೋಡ್ತಿದ್ದ. ಕೊನೆಗೆ ಬಂದವನು ಊಟ ಮುಗೀತು ಅಂದುಕೊಂಡು ಬೀಗರ ತಟ್ಟೆಯನ್ನೇ ಎತ್ತಿಕೊಂಡ. ಇನ್ನೂ ಅನ್ನ ಬಂದಿಲ್ಲವಲ್ಲಪ್ಪ ಅಂದೆ.

“ಬಾಯಿಬಿಟ್ಟು ಹೇಳಿದ್ರೆ ತಾನೇ ಯಜಮಾನ್ರೇ ಗೊತ್ತಾಗೋದು?” ಅಂದ.

ಬೀಗರು ನಕ್ಕರು. “ಬಿಡ್ರೀ ಬೀಗರೇ, ಹೊಟ್ಟೆ ಹಗುರಾಗಿದ್ರೆ ಕೂಸು ಎತ್ಕೊಳ್ಳೋಕೆ ಸಲೀಸು.”

ತಮಾಷೆಗೇ ಅಂದದ್ದು. ನನಗೆ ಮಾತ್ರ ತಲೆ ಎತ್ತೋಕಾಗಲಿಲ್ಲ. ಆ ರಟ್ಟಿನಂಥ ರೊಟ್ಟಿ ಮುರೀತಾ ಕೂತಾಗಲೇ ನೆನಪಾದರು, ಸೊರಬದ ಖಾನಾವಳಿ ಅವ್ವ...

ಬಯಲುಸೀಮೆ ಕಡೆಯಿಂದ ಬಂದು ಸೊರಬದಲ್ಲಿ ಖಾನಾವಳಿ ಇಟ್ಟಿದ್ದರು. ಪಹಣಿ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಅಲೆಯೋ ನನ್ನಂಥವರಿಗೆಲ್ಲ ಅಲ್ಲೇ ಊಟ. ಒಲೆ ಮುಂದೆ ರೊಟ್ಟಿ ಬಡೀತಾ ಅಲ್ಲಿಂದಲೇ ಎಲ್ಲರ ತಟ್ಟೆ ಮೇಲೆ ಕಣ್ಣು. ಉಬ್ಬಿದ ರೊಟ್ಟಿ ಹಾಗೇ ತಂದು ಹಾಕೋರು. ಕೈ ಅಡ್ಡ ಹಿಡಿದರೂ ಬಿಡ್ತಿರಲಿಲ್ಲ, ಬೆರಳ ಸಂದಿಯಲ್ಲಿ ಅರ್ಧ ರೊಟ್ಟಿ ತೂರಿಸೋರು. ಉಳಿಸಿದರೆ ಬೈಗುಳ ಬೇರೆ. ಅವರ ನಾಲಿಗೆಗೆ ಹೆದರಿ ಕಚೇರಿ ಗುಮಾಸ್ತರೂ ತಟ್ಟೆ ಬಳಿದು ಏಳೋರು.

ನನ್ನ ಮಗಳು ಹುಟ್ಟಿದ್ದು ಸೊರಬದ ಆಸ್ಪತ್ರೆಯಲ್ಲೇ. ಹೆಣ್ಣು ಅಂತ ತಿಳಿದು ನಮ್ಮವರೇ ಕೆಲವರು ಮುಖ ಸಪ್ಪೆ ಮಾಡಿಕೊಂಡು ಬಂದ ಬಸ್ಸಿಗೇ ವಾಪಸ್ ಹೋದರು. ನಾನು ಖಾನಾವಳಿಗೆ ಹೋಗಿ ತಟ್ಟೆ ಮುಂದೆ ಉಣ್ಣದೆ ಕೂತಿದ್ದೆ. ಅವ್ವ ವಿಷಯ ಕೇಳಿ ತಿಳಕೊಂಡರು. ಬಾಣಂತಿಗೆ ಅಂತ ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಮೆತ್ತಗಿನ ಅನ್ನ, ಮೇಲೆ ತುಪ್ಪ... ಕ್ಯಾರಿಯರಿಗೆ ತುಂಬಿ ನನ್ನ ಕೈಗಿಟ್ಟರು.

“ಉಣ್ಣೋರು ಒಬ್ಬರು ಹೆಚ್ಚಾದರು ತಮ್ಮಾ, ಅದಕ್ಕ ಯಾರಾದರೂ ಅಳ್ತಾರೇನು?”

ಆ ಅವ್ವ ಈಗಿಲ್ಲ. ಖಾನಾವಳಿ ಇದ್ದಲ್ಲಿ ಮೊಬೈಲು ಅಂಗಡಿ. ಮಕ್ಕಳಿಲ್ಲದ ಹೆಂಗಸು, ಆ ಕೈ ಅವರ ಜತೆಗೇ ಹೋಯ್ತು. ಖಾನಾವಳಿ ಅನ್ನೋ ಹೆಸರೊಂದನ್ನ ಮಾತ್ರ ಇಂಥ ಹೋಟೆಲಿನವರು ಎತ್ತಿಕೊಂಡಿದ್ದಾರೆ, ಬೋರ್ಡಿಗೆ.

ಸಂಜೆ ಬೀಗರನ್ನ ಅವರ ಊರಿಗೆ ಹೋಗೋಕೆ ಬಿಡಲಿಲ್ಲ. ಹೆಂಡತಿ ರೊಟ್ಟಿ ಬಡಿದಳು, ನಾನೇ ಬಡಿಸೋಕೆ ನಿಂತೆ. ಬೀಗಿತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಗಳು ಮಂಚದ ಮೇಲೆ ಮೆಣಸಿನ ಸಾರು ಅನ್ನ ಕಲಸಿಕೊಂಡಿದ್ದಳು, ಕೂಸು ಪಕ್ಕದಲ್ಲಿ ನಿದ್ದೆ. ಬೀಗರು ತಟ್ಟೆ ಮೇಲೆ ಕೈ ಅಡ್ಡ ಹಿಡಿದರು. ಬೆರಳ ಸಂದಿಯಲ್ಲಿ ಅರ್ಧ ರೊಟ್ಟಿ ತೂರಿಸಿದೆ. ಒಂದು ಸಲ ನನ್ನ ಮುಖ ನೋಡಿ, ಅದನ್ನೂ ಉಂಡರು.

ಆಮೇಲೆ ಹೆಂಡತಿಯನ್ನೂ ಒಲೆ ಮುಂದಿನಿಂದ ಎಬ್ಬಿಸಿ ಕೂರಿಸಿದೆ, ನಾನೂ ಅವರ ಸಾಲಲ್ಲೇ ಕೂತೆ. ಎಲ್ಲರೂ ಉಣ್ತಿದ್ದೆವು. ನನ್ನ ತಟ್ಟೆಯ ರೊಟ್ಟಿ ಮುಗಿದಾಗ ಯಾಕೋ ಒಲೆ ಕಡೆ ತಿರುಗಿ ನೋಡಿದೆ... ಅಲ್ಲಿ ಯಾರೂ ಇರಲಿಲ್ಲ.