ನೇರ ಗೋಡೆಯ ಕೊಳ

ಇಟ್ಟಿಗೆ ಕೆಲಸದ ಕ್ಲೆಮೆಂಟ್ ಔತ್‌ವೇಟ್ ನಲವತ್ತೆರಡು ವರ್ಷ ಯಾರ್ಕ್‌ಷೈರಿನ ಒಂದೇ ಊರಲ್ಲಿ ಗೋಡೆ ಕಟ್ಟಿದವನು. ಒಂದೇ ಒಂದು ಗೋಡೆ ಕೂದಲೆಳೆಯಷ್ಟೂ ವಾಲಿದ್ದಿಲ್ಲ. ಕೆಲಸ ಬಿಟ್ಟ ಮೇಲೆ ಹೆಂಡತಿ ಮ್ಯೂರಿಯೆಲ್‌ಗೆಂದು ಹಿತ್ತಲಲ್ಲಿ ಕೊಳ ಕಟ್ಟಿದಾಗಲೂ ಅಷ್ಟೆ. ಮೊಣಕಾಲಿನಷ್ಟು ಆಳ, ನಾಲ್ಕೂ ಕಡೆ ತೂಗುಗುಂಡು ಬಿಟ್ಟು ನೆಟ್ಟಗೆ ಎಬ್ಬಿಸಿದ ಗೋಡೆ, ಒಳಗೆಲ್ಲ ಕೈಯಿಟ್ಟರೆ ಜಾರುವಂಥ ಗಿಲಾವು.

ಆ ನುಣುಪೇ ಮುಳುವಾಯಿತು. ಅಕ್ಟೋಬರಿನ ಒಂದು ಬೆಳಿಗ್ಗೆ ಮ್ಯೂರಿಯೆಲ್ ನೀರಲ್ಲಿ ತೇಲುತ್ತಿದ್ದ ಮುಳ್ಳಿಲಿಯನ್ನು ಜರಡಿಯಿಂದ ಎತ್ತಿದಳು. ಸಂಜೆ ಸಂಜೆ ಅವಳಿಟ್ಟ ಬೆಕ್ಕಿನ ತಿಂಡಿಗೆ ಬರುತ್ತಿದ್ದ ಎರಡರಲ್ಲಿ ಅದೊಂದು. ನೀರು ಕುಡಿಯಲು ಬಗ್ಗಿ ಬಿದ್ದು, ಹತ್ತಲಾರದೆ ಈಜಿ ಈಜಿ ಸತ್ತಿತ್ತು. ಗಿಲಾವಿನ ಮೇಲೆ ಉಗುರಿನ ಗೀರುಗಳಿದ್ದವು. ಕ್ಲೆಮೆಂಟ್ ಬಗ್ಗಿ ಅವುಗಳ ಮೇಲೆ ಬೆರಳಾಡಿಸಿದ.

"ಇನ್ನೊಂದು ಮುಳ್ಳಿಲಿ ಚಳಿಗಾಲ ಪೂರ್ತಿ ಮಲಗೋಕೆ ಎಲೆ ರಾಶಿಯೊಳಗೆ ಹೋಗಿದೆ" ಎಂದಳು ಮ್ಯೂರಿಯೆಲ್. "ಚಳಿ ಕಳೆದು ಎದ್ದರೆ ಬಾಯಾರಿಕೊಂಡು ಇಲ್ಲಿಗೇ ಬರುತ್ತೆ. ಅಷ್ಟರೊಳಗೆ ಹತ್ತೋಕೊಂದು ದಾರಿ ಮಾಡು ಮಾರಾಯ. ಇಲ್ಲಾಂದ್ರೆ ಕೊಳಕ್ಕೆ ಮಣ್ಣು ಸುರಿದು ಮುಚ್ಚಿಬಿಡ್ತೀನಿ."

ಮುಚ್ಚುವುದೆ! ಅವನು ಅವಳಿಗೆಂದೇ ಕಟ್ಟಿದ ಒಂದೇ ಒಂದು ವಸ್ತು ಅದು. ಆದರೆ ದಾರಿ ಮಾಡು ಎಂದರೆ ಏನು ಮಾಡುವುದು? ಜನ್ಮವಿಡೀ ಇಲಿ ನುಸುಳದಂತೆ ಕಟ್ಟಿ ಶಹಬ್ಬಾಸ್ ಅನ್ನಿಸಿಕೊಂಡವನಿಗೆ ತಲೆಬುಡ ತಿಳಿಯಲಿಲ್ಲ.

ಮೊದಲು ಓಕ್ ಹಲಗೆಯೊಂದನ್ನು ಓರೆಯಾಗಿ ಕೊಳಕ್ಕೆ ಇಳಿಬಿಟ್ಟ. ಸುಮ್ಮನೆ ಬಿಟ್ಟನೇ! ಉಜ್ಜಿ, ತೀಡಿ, ಮೂರು ಕೋಟು ವಾರ್ನಿಶ್ ಹೊಡೆದು ಬಿಟ್ಟ. ಮ್ಯೂರಿಯೆಲ್ ಅದರ ತುದಿಯಲ್ಲೊಂದು ಆಲೂಗಡ್ಡೆ ಇಟ್ಟಳು. ಅದು ಸರ್ರನೆ ಜಾರಿ ನೀರಿಗೆ ದುಡುಂ ಎಂದು ಬಿತ್ತು.

"ಇದು ದಾರಿನಾ, ಜಾರುಬಂಡೆನಾ?"

ಎರಡು ವಾರ ಕೂತು ಕೊಳದ ಒಂದು ಮೂಲೆಯಲ್ಲಿ ಇಟ್ಟಿಗೆಯ ಏಳು ಮೆಟ್ಟಿಲು ಕಟ್ಟಿದ. ಅಂಚುಗಳು ಚಾಕುವಿನಷ್ಟು ಹರಿತ.

"ಅಯ್ಯೋ, ಅದರ ಕಾಲು ನನ್ನ ಹೆಬ್ಬೆರಳಿನಷ್ಟೂ ಇಲ್ಲ. ಟೌನ್‌ಹಾಲ್‌ಗೆ ಹೋಗೋ ಮೇಯರ್ ಅನ್ಕೊಂಡ್ಯಾ ಅದನ್ನ?"

"ಮತ್ತೆ ಏನು ಮಾಡ್ಲಿ ಹೇಳೇ! ನುಣುಪು ಬೇಡ, ನೇರ ಬೇಡ. ಇನ್ನೇನಿದೆ ನನ್ನ ಹತ್ರ?"

ಮ್ಯೂರಿಯೆಲ್ ನಗು ನಿಲ್ಲಿಸಿ ಸುತ್ತಿಗೆ ತಂದುಕೊಟ್ಟಳು. "ಒಡಿ. ಮೆಟ್ಟಿಲು ಪುಡಿ ಮಾಡಿ ಇಳಿಜಾರಾಗಿ ಸುರಿ. ಆ ಮೂಲೆ ಅಂಚನ್ನೂ ಒಡಿ. ಒರಟಾಗಿದ್ರೆ ಉಗುರು ಹಿಡಿಯುತ್ತೆ."

ಅವನು ಸೀಮೆಸುಣ್ಣ ತೆಗೆದು, ರಸಮಟ್ಟ ಇಟ್ಟು, ಒಡೆಯಲು ನೇರ ಗೆರೆ ಎಳೆಯತೊಡಗಿದ. ಮ್ಯೂರಿಯೆಲ್ ಸೀಮೆಸುಣ್ಣ ಕಿತ್ತುಕೊಂಡು ಏಪ್ರನ್ ಜೇಬಿಗೆ ಹಾಕಿಕೊಂಡಳು.

ಕಣ್ಣು ಮುಚ್ಚಿಕೊಂಡು ಮೊದಲ ಏಟು ಹಾಕಿದ. ಸ್ವಂತ ಹಲ್ಲು ತಾನೇ ಕಿತ್ತಂತಾಯಿತು. ಸಂಜೆಗೆ ಆ ಮೂಲೆ ಕಸದ ತಿಪ್ಪೆಯಂತಿತ್ತು. ಇದು ಸರಿಯೋ, ಸಾಯುವ ಕಾಲಕ್ಕೆ ಹಿಡಿದ ಹುಚ್ಚೋ, ಅವನಿಗೆ ತಿಳಿಯಲಿಲ್ಲ. ಚಳಿಗಾಲವಿಡೀ ಆ ಕಡೆಯ ಕಿಟಕಿಯ ಪರದೆಯನ್ನೇ ಸರಿಸಲಿಲ್ಲ.

ಏಪ್ರಿಲಿನ ಮೊದಲ ವಾರ, ಸಂಜೆ ಇನ್ನೂ ಬೆಳಕಿರುವಾಗ, ಇಬ್ಬರೂ ಹಿತ್ತಲಲ್ಲಿ ನಿಂತಿದ್ದಾಗ, ಎಲೆ ರಾಶಿ ಅಲುಗಿತು. ಬಡಕಲಾದ ಮುಳ್ಳಿಲಿ ತೂರಾಡುತ್ತ ಬಂದು, ಹಾಳಾದ್ದು, ನೇರ ಗೋಡೆಯ ಕಡೆಯೇ ಬಗ್ಗಿ ನೀರಿಗೆ ಬಿತ್ತು. ಎತ್ತಲು ನುಗ್ಗಿದ ಕ್ಲೆಮೆಂಟನ ತೋಳನ್ನು ಮ್ಯೂರಿಯೆಲ್ ಹಿಡಿದಳು. "ತಡಿ. ಇವತ್ತು ನಾವಿದ್ದೀವಿ. ನಾಳೆ ಯಾರಿರ್ತಾರೆ?"

ಅದು ಗೋಡೆಗುಂಟ ಈಜಿತು. ಕೆರೆಯಿತು. ಜಾರಿತು. ಮತ್ತೆ ಈಜಿತು. ಮೂಗು ಪುಡಿಗಲ್ಲಿಗೆ ತಾಗಿತು. ಒಂದು ಕಾಲು ಊರಿತು, ಇನ್ನೊಂದು. ಮೇಲೆ ಬಂದು ಮೈ ಕೊಡವಿ, ಹಿಂದಿರುಗಿಯೂ ನೋಡದೆ ಹುಲ್ಲಿಗೆ ನುಗ್ಗಿತು. ಕ್ಲೆಮೆಂಟ್ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಯಾಕೆ ಅಳುತ್ತಿದ್ದೇನೆಂದು ಅವನಿಗೇ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಬೇಲಿಯಾಚೆಯಿಂದ ಹಳೆಯ ಜೊತೆಗಾರ, ಗಾರೆ ಕೆಲಸದ ಸಗ್ಡನ್, ಕತ್ತು ಚಾಚಿದ.

"ಅಯ್ಯೋ ದೇವ್ರೇ! ನಿನ್ನ ಗೋಡೆ ಯಾವನೋ ಹಾಳು ಮಾಡಿದ್ದು? ಅಳಬೇಡ ಬಿಡು, ನಾಳೆ ಬಂದು ನೀಟಾಗಿ ಕಟ್ಕೊಡ್ತೀನಿ."

ಕ್ಲೆಮೆಂಟ್ ಕಣ್ಣೊರೆಸಿಕೊಂಡು ಎದ್ದ.

"ಒಂದು ಚೂರು ಕಲ್ಲು ಮುಟ್ಟಿದ್ರೆ ಕೈ ಮುರೀತೀನಿ" ಎಂದ.